ನಮ್ಮ ಶಾಪ್‌ನಲ್ಲಿ ಹೆಂಗಸರು ಸೆಟ್ಟರ್ ಆದದ್ದು

ನಮ್ಮ ಫ್ಯಾಕ್ಟರಿಯಲ್ಲಿ ಸೆಟ್ಟರ್ (ಹೊಸ ಜಾಬ್‌ಗೆ ಮೆಷಿನ್ ಸಜ್ಜು ಮಾಡುವವರು) ಆಗುವುದು ಹೇಗೆ ಅಂತ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ರಾತ್ರಿಯವರೆಗೆ ನಡೆಯುವ ಸೆಕೆಂಡ್ ಶಿಫ್ಟ್‌ನಲ್ಲಿ ಕೆಲಸ ಸ್ವಲ್ಪ ಹಗುರ ಇದ್ದಾಗ ಹುಡುಗರು ಹಿರಿಯ ಸೆಟ್ಟರ್ ಪಕ್ಕ ನಿಂತು ನೋಡುತ್ತಿದ್ದರು. ಸ್ಪ್ಯಾನರ್ ಎತ್ತಿ ಕೊಡುತ್ತಿದ್ದರು, ಟೀ ತಂದುಕೊಡುತ್ತಿದ್ದರು. ಕೆಲವು ತಿಂಗಳು ಹೀಗೆ ಹಿಂದೆ ಮುಂದೆ ಓಡಾಡಿದ ಮೇಲೆ ಒಂದು ದಿನ ಅವರೇ, "ಬಾರೋ, ಇವತ್ತು ಆಫ್‌ಸೆಟ್ ನೀನೇ ಹಾಕು ನೋಡೋಣ" ಅನ್ನುತ್ತಿದ್ದರು. ಅಲ್ಲಿಗೆ ಆ ಹುಡುಗ ಅರ್ಧ ಸೆಟ್ಟರ್. ಮುಂದಿನ ಇಂಕ್ರಿಮೆಂಟ್ ಹೊತ್ತಿಗೆ ಅವನ ಗ್ರೇಡ್ ಬದಲಾಗುತ್ತಿತ್ತು.

ಹೆಂಗಸರು ಆ ಹೊತ್ತಿಗೆ ಮನೆಯಲ್ಲಿರುತ್ತಿದ್ದೆವು. ನಮಗೆ ಫಸ್ಟ್ ಶಿಫ್ಟ್, ಇಲ್ಲಾಂದ್ರೆ ಜನರಲ್. ಪಂಚ್ ಮಾಡಿ ಜಾಲಹಳ್ಳಿ ಕ್ರಾಸ್‌ಗೆ ಓಡಿ ಬಸ್ಸು ಹಿಡಿದರೆ ಮುಂದೆ ಅಡುಗೆ, ಮಕ್ಕಳ ಹೋಂವರ್ಕ್. ಯಾರೂ ನಮ್ಮನ್ನು ಕಲೀಬೇಡಿ ಅಂದಿರಲಿಲ್ಲ. ಆದರೆ ಕಲಿಯುವ ಹೊತ್ತಲ್ಲಿ ನಾವು ಅಲ್ಲಿರುತ್ತಿರಲಿಲ್ಲ. ಹತ್ತು ವರ್ಷದ ಸರ್ವಿಸ್ ಇರುವ ಅಕ್ಕ ಇನ್ನೂ ಆಪರೇಟರ್ ಗ್ರೇಡ್‌ನಲ್ಲೇ ಇದ್ದರು. ಅವರ ಕಣ್ಣೆದುರಿಗೆ ಸೇರಿದ ಹುಡುಗ ಸೆಟ್ಟರ್ ಆಗಿ, ಸೂಪರ್‌ವೈಸರ್ ಆಗಿ, ಅವರಿಗೇ ಕೆಲಸ ಹೇಳುತ್ತಿದ್ದ.

ನಾನು ಪೀಣ್ಯದ ಒಂದು ಆಟೋ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕ್ವಾಲಿಟಿಗೆ ಸೇರಿದವಳು. ನಮ್ಮ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಸಿಎನ್‌ಸಿ ಲೇತ್‌ನಲ್ಲಿ ಹೊಸ ಜಾಬ್ ಹತ್ತಿಸುವಾಗ ಸೆಟ್ಟರ್, ಪೀಸ್ ಹಿಡಿಯುವ ಚಕ್‌ನ ಜಾ (ದವಡೆ) ಬದಲಿಸಿ, ಇನ್ಸರ್ಟ್ (ಕತ್ತರಿಸುವ ತುದಿ) ಹಾಕಿ, ಟೂಲ್ ಆಫ್‌ಸೆಟ್ (ಟೂಲ್ ಎಲ್ಲಿದೆ ಅಂತ ಮೆಷಿನ್‌ಗೆ ಹೇಳುವ ಅಳತೆ) ತೆಗೆದುಕೊಂಡು ಮೊದಲ ಪೀಸ್ ಮಾಡುತ್ತಾರೆ. ಆ ಪೀಸ್ ಇನ್ಸ್‌ಪೆಕ್ಷನ್ ಟೇಬಲ್‌ಗೆ ಬರುತ್ತದೆ. ನಾವು ಮೈಕ್ರೋಮೀಟರ್ ಹಿಡಿದು ನೋಡಿ, "ಡಯಾ (ವ್ಯಾಸ) 20 ಮೈಕ್ರಾನ್ ಜಾಸ್ತಿ ಇದೆ" ಅನ್ನುತ್ತೇವೆ. ಅವರು ಹೋಗಿ ಆಫ್‌ಸೆಟ್ ಪೇಜಿನಲ್ಲಿ ಮೈನಸ್ 0.020 (20 ಮೈಕ್ರಾನ್ ಅಂದರೆ 0.020 ಮಿ.ಮೀ.) ಒತ್ತಿ ಇನ್ನೊಂದು ಪೀಸ್ ತೆಗೆಯುತ್ತಾರೆ. ಎಷ್ಟು ಒತ್ತಬೇಕು ಅಂತ ಹೇಳುವ ಟೇಬಲ್‌ನಲ್ಲಿ ಕೂತವರೆಲ್ಲ ಹೆಂಗಸರು. ಒತ್ತುವವರೆಲ್ಲ ಗಂಡಸರು. ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದರೂ ಇದು ವಿಚಿತ್ರ ಅಂತ ನಮ್ಮಲ್ಲೇ ಯಾರಿಗೂ ಹೊಳೆದಿರಲಿಲ್ಲ.

ಶುರುವಾದದ್ದು ಒಂದು ಕಸ್ಟಮರ್ ಆಡಿಟ್‌ನಿಂದ. ಹೊರದೇಶದ ಕಂಪನಿಗಳಿಗೆ ಮಾಲು ಕಳಿಸುವ ಫ್ಯಾಕ್ಟರಿಗಳಿಗೆ ಇದು ಮಾಮೂಲಿ. ಆ ಸಲ ಬಂದವರು, ನಿಮ್ಮಲ್ಲಿ ಹೆಂಗಸರು ಯಾವ ಯಾವ ಹುದ್ದೆಯಲ್ಲಿದ್ದಾರೆ ಅಂತ ಕೇಳಿದರು. ಉತ್ತರ ಕೊಡಲು ಲೆಕ್ಕವೇ ಇರಲಿಲ್ಲ. ಅದಕ್ಕೆ ಮುಂಚೆ ನಮ್ಮಲ್ಲಿ ಸಮಾನತೆ ಅಂದರೆ ಮಾರ್ಚ್ 8ಕ್ಕೆ ರಂಗೋಲಿ ಸ್ಪರ್ಧೆ, ಒಂದು ಗುಲಾಬಿ, ಒಂದು ಸ್ವೀಟ್ ಬಾಕ್ಸ್. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆ ದಿನ ಎಲ್ಲರೂ ಒಟ್ಟಿಗೆ ನಗುತ್ತಾರೆ, ಅದು ಒಳ್ಳೆಯದೇ. ಆದರೆ ಮಾರ್ಚ್ 9ಕ್ಕೆ ಏನೂ ಬದಲಾಗಿರುತ್ತಿರಲಿಲ್ಲ.

ಹೊಸದಾಗಿ ಬಂದಿದ್ದ ಎಚ್‌ಆರ್ ಮೇಡಂ ಬೇರೆ ದಾರಿ ಹಿಡಿದರು. ಹತ್ತತ್ತು ಜನರನ್ನು ಕ್ಯಾಂಟೀನ್‌ಗೆ ಕರೆದರು. ಶಿಫ್ಟ್ ಟೈಮಿನಲ್ಲೇ ಕರೆದರು, ಸೂಪರ್‌ವೈಸರ್‌ಗಳನ್ನು ಬಿಟ್ಟು ಕರೆದರು. ಗಂಡಸರದ್ದು ಬೇರೆ ಬ್ಯಾಚ್, ಹೆಂಗಸರದ್ದು ಬೇರೆ ಬ್ಯಾಚ್. ಮೊದಲ ಬ್ಯಾಚಿನಲ್ಲಿ ಅವರು, "ಇಲ್ಲಿ ತಾರತಮ್ಯ ಇದೆಯಾ?" ಅಂತ ಕೇಳಿದರು. ಎಲ್ಲರೂ ತಲೆ ಅಲ್ಲಾಡಿಸಿ "ಇಲ್ಲ ಮೇಡಂ, ಎಲ್ಲ ಚೆನ್ನಾಗಿದೆ" ಅಂದರು. ಆಮೇಲೆ ಪ್ರಶ್ನೆ ಬದಲಾಯಿತು. "ನಿಮ್ಮ ಕೆಲಸದಲ್ಲಿ ಮುಂದಿನ ಮೆಟ್ಟಿಲು ಯಾವುದು? ಅಲ್ಲಿಗೆ ಹೋಗೋಕೆ ಏನು ಅಡ್ಡ ಬರುತ್ತೆ?" ಆಗ ಬಾಯಿ ಬಿಟ್ಟರು ನೋಡಿ. ಕಂಪನಿಯವರು ಏನನ್ನಾದರೂ ಕಲಿಯುವುದಾದರೆ ಈ ಎರಡನೇ ಪ್ರಶ್ನೆಯನ್ನು ಕಲಿಯಲಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ತಾರತಮ್ಯ ಅಂದ ತಕ್ಷಣ ಯಾರದೋ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಅಡ್ಡ ಏನು ಅಂದರೆ ಇರುವುದನ್ನು ಹೇಳಬಹುದು.

ಬಂದ ಉತ್ತರಗಳನ್ನು ಯಾವ ಆಫೀಸಿನಲ್ಲಿ ಕೂತೂ ಊಹಿಸಲು ಆಗುತ್ತಿರಲಿಲ್ಲ. ಹೆಂಗಸರ ಟಾಯ್ಲೆಟ್ ಗೇಟ್ ಪಕ್ಕ ಇತ್ತು, ಶಾಪ್‌ನಿಂದ ಹೋಗಿ ಬರಲು ಟೀ ಬ್ರೇಕ್ ಪೂರ್ತಿ ಬೇಕು. ಅದಕ್ಕೆ ಎಷ್ಟೋ ಜನ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. 25 ಹೆಂಗಸರಿಗೆ ಒಂದು ಟಾಯ್ಲೆಟ್ ಅನ್ನುವ ನಿಯಮದ ಲೆಕ್ಕ ಸರಿ ಇತ್ತು, ದೂರದ ಲೆಕ್ಕ ಯಾರೂ ಹಾಕಿರಲಿಲ್ಲ. ಸೇಫ್ಟಿ ಶೂ ಸ್ಟೋರ್‌ನಲ್ಲಿ 6ನೇ ಸೈಜಿನಿಂದ ಶುರುವಾಗುತ್ತಿತ್ತು. ನನ್ನ ಕಾಲು 4. ಎರಡು ಜೊತೆ ಸಾಕ್ಸ್ ಹಾಕಿಕೊಂಡು, ಕೂಲಂಟ್ ಚೆಲ್ಲಿದ ನೆಲದ ಮೇಲೆ ಕಾಲು ಜಾರದ ಹಾಗೆ ಬೆರಳು ಬಿಗಿ ಹಿಡಿದು ನಡೆಯುತ್ತಿದ್ದೆ. ಇನ್ನೊಬ್ಬಳು ಹೇಳಿದ್ದು ಮಾತಿನ ಬಗ್ಗೆ. "ಗಂಡಸರಿಗೆ ವಯಸ್ಸಾದ ಮೇಲೆ ಅಣ್ಣ ಅಂತಾರೆ, ನಮಗೆ ಐವತ್ತಾದ್ರೂ ಬಾರೇ ಹೋಗೇನೇ." ಆ ಬ್ಯಾಚಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೌದು ಹೌದು ಅಂದರು.

ಸೆಟ್ಟರ್ ವಿಷಯ ಬಂದದ್ದು ಗಂಡಸರ ಬ್ಯಾಚಿನಿಂದ. ಇದನ್ನು ನಾನು ಮರೆಯುವುದಿಲ್ಲ. ಫಸ್ಟ್ ಶಿಫ್ಟ್‌ನ ಒಬ್ಬ ಆಪರೇಟರ್ ಹೇಳಿದನಂತೆ: ನನ್ನ ತಾಯಿಗೆ ಹುಷಾರಿಲ್ಲ, ಸೆಕೆಂಡ್ ಶಿಫ್ಟ್ ಮಾಡೋಕಾಗಲ್ಲ, ಅದಕ್ಕೆ ನನಗೆ ಸೆಟ್ಟಿಂಗ್ ಬರಲ್ಲ. ಆಗಲೇ ಮೇಡಂಗೆ ಹೊಳೆದದ್ದು, ಸೆಕೆಂಡ್ ಶಿಫ್ಟ್‌ಗೆ ಬರಲಾಗದವರು ಯಾರೇ ಆಗಲಿ ಆಪರೇಟರ್ ಗ್ರೇಡಿನಲ್ಲೇ ನಿಂತುಬಿಡುತ್ತಾರೆ ಅಂತ. ಹೆಂಗಸರಂತೂ ಹೆಚ್ಚು ಕಡಿಮೆ ಎಲ್ಲರೂ.

ಆಮೇಲೆ ಒಂದು ಗುಂಪು ಮಾಡಿದರು. ಲೈನಿನವರು, ಕ್ವಾಲಿಟಿ, ಮೇಂಟೆನೆನ್ಸ್, ಸ್ಟೋರ್, ಎಲ್ಲ ಕಡೆಯಿಂದ ಕೆಲಸಗಾರರೇ ಆರಿಸಿದವರು. ಅರ್ಧ ಹೆಂಗಸರು, ಅರ್ಧ ಗಂಡಸರು. ಕ್ವಾಲಿಟಿಯಿಂದ ನನ್ನ ಹೆಸರು ಬಂತು. ಮೊದಲ ಮೀಟಿಂಗಿನಲ್ಲಿ ನಾನು ಒಂದೇ ವಿಷಯಕ್ಕೆ ಪಟ್ಟು ಹಿಡಿದೆ. ನಾವು ಕೇಳಿದ್ದಕ್ಕೆ ಪ್ಲಾಂಟ್ ಹೆಡ್ ಒಂದು ತಿಂಗಳೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಆಗಲ್ಲ ಅಂದರೆ ಆಗಲ್ಲ ಅಂತಲೇ ಬರೆಯಲಿ, ಯಾಕೆ ಅಂತ ಬರೆಯಲಿ. ಸಜೆಷನ್ ಬಾಕ್ಸ್‌ಗೆ ಚೀಟಿ ಹಾಕಿ ಹಾಕಿ ನಮಗೆಲ್ಲ ಸಾಕಾಗಿತ್ತು. ಅವರು ಒಪ್ಪಿದರು. ಜೊತೆಗೆ ಸಣ್ಣ ಪುಟ್ಟ ಖರ್ಚಿಗೆ ಯಾರ ಸಹಿಯೂ ಬೇಡದ ಒಂದಿಷ್ಟು ದುಡ್ಡು ಗುಂಪಿನ ಹೆಸರಲ್ಲಿ ಇಟ್ಟರು. ಅದರಲ್ಲಿ ಮೊದಲು ತರಿಸಿದ್ದು 4 ಮತ್ತು 5ನೇ ಸೈಜಿನ ಶೂ. ಕೇಳಿದರೆ ಬರುತ್ತದೆ ಅಂತ ಜನ ನಂಬಿದ್ದು ಆ ಶೂ ನೋಡಿದ ಮೇಲೆ. ಟಾಯ್ಲೆಟ್‌ಗೆ ಟೈಮ್ ಹಿಡಿಯಿತು, ಆದರೆ ಶಾಪ್ ಪಕ್ಕಕ್ಕೇ ಬಂತು.

ಗ್ರೇಡ್ ಲೆಕ್ಕ ತೋರಿಸಿ ಅಂತ ಕೇಳಿದಾಗ ಮಾತ್ರ ಸ್ವಲ್ಪ ಜಗ್ಗಾಟ ಆಯಿತು. ಸಂಬಳದ ವಿಷಯ ಗುಟ್ಟು ಅಂದರು. ಹೆಸರು ಬೇಡ, ಯಾವ ಗ್ರೇಡಿನಲ್ಲಿ ಎಷ್ಟು ಗಂಡಸರು, ಎಷ್ಟು ಹೆಂಗಸರು, ಅಷ್ಟೇ ಸಾಕು ಅಂದೆವು. ಕೊನೆಗೆ ಒಂದು ಹಾಳೆ ಬಂತು. ಹೆಂಗಸರು ಹೆಚ್ಚು ಕಡಿಮೆ ಎಲ್ಲರೂ ಕೆಳಗಿನ ಎರಡು ಸಾಲಿನಲ್ಲಿ. 1976ರ ಸಮಾನ ವೇತನ ಕಾಯ್ದೆ ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಿ ಅಂದಿತ್ತು. ಆ ಲೆಕ್ಕದಲ್ಲಿ ನಮ್ಮ ಫ್ಯಾಕ್ಟರಿ ತಪ್ಪೇನೂ ಮಾಡಿರಲಿಲ್ಲ. ಸೆಟ್ಟರ್ ಆದ ಹೆಂಗಸಿಗೆ ಸೆಟ್ಟರ್ ಸಂಬಳವೇ ಕೊಡುತ್ತಿದ್ದರು. ಸೆಟ್ಟರ್ ಆದ ಹೆಂಗಸೇ ಇರಲಿಲ್ಲ, ಅಷ್ಟೆ.

ಲೈಂಗಿಕ ಕಿರುಕುಳದ ದೂರು ನೋಡುವ ನಮ್ಮ ಆಂತರಿಕ ಸಮಿತಿಯ ಹೊರಗಿನ ಸದಸ್ಯೆ ಒಬ್ಬರು ವಕೀಲೆ. ಆ ಹಾಳೆ ನೋಡಿ ಅವರು ಕೊಡಗಿನ ಸಿ.ಬಿ. ಮುತ್ತಮ್ಮ ಅವರ ವಿಷಯ ಹೇಳಿದರು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಕಾಲದ ನಿಯಮದಲ್ಲಿ ಹೆಣ್ಣು ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ತೊಂದರೆ ಅನ್ನಿಸಿದರೆ ರಾಜೀನಾಮೆಯನ್ನೂ ಕೇಳಬಹುದಿತ್ತು. ಗಂಡಸರಿಗೆ ಇದ್ಯಾವುದೂ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟ್‌ಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿ ತೀರ್ಪು ಕೊಟ್ಟರು. "ಅವರಿಗೆ ಅಡ್ಡ ಬಂದದ್ದು ಬರೆದಿಟ್ಟ ನಿಯಮ, ಕೋರ್ಟಿಗೆ ತೋರಿಸೋಕಾಯ್ತು. ನಿಮಗೆ ಅಡ್ಡ ಬಂದಿರೋದನ್ನ ಯಾರೂ ಬರೆದಿಲ್ಲ. ಮೊದಲು ಬರೆಸಿ" ಅಂದರು ವಕೀಲೆ.

ಬರೆಸಲು ಹೊರಟಾಗ ಎದುರಾದದ್ದು ನಮ್ಮ ಹಿರಿಯ ಸೆಟ್ಟರ್. ಒಳ್ಳೆಯ ಮನುಷ್ಯ, ಕೆಲಸದಲ್ಲಿ ದೇವರು. ಗುಂಪಿನ ಮೀಟಿಂಗಿಗೆ ಅವರೇ ಬಂದು ಕೂತರು. "ನೋಡಮ್ಮ, ಬೇಜಾರು ಮಾಡ್ಕೋಬೇಡ. ನೀವೆಲ್ಲ ಸೆಟ್ಟರ್ ಆದ್ರೆ ನಮ್ಮ ಓಟಿ (ಓವರ್‌ಟೈಮ್) ಏನಾಗುತ್ತೆ? ನನ್ನ ಮಗಳ ಕಾಲೇಜ್ ಫೀಸು ಓಟಿ ದುಡ್ಡಲ್ಲೇ ನಡೀತಿರೋದು."

ಇದಕ್ಕೆ ಭಾಷಣದ ಉತ್ತರ ಕೊಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸಮಾನತೆ ಬೇಡ ಅನ್ನಲು ಅವರು ಬಂದಿರಲಿಲ್ಲ. ಮನೆ ಖರ್ಚಿನ ಲೆಕ್ಕ ಕೇಳುತ್ತಿದ್ದರು, ಆ ಲೆಕ್ಕಕ್ಕೆ ಉತ್ತರ ಬೇಕಿತ್ತು. ಪ್ರೊಡಕ್ಷನ್‌ನವರು ಮೆಷಿನ್ ಲಾಗ್ ತಂದರು. ಫಸ್ಟ್ ಶಿಫ್ಟ್‌ನಲ್ಲಿ ಸೆಟ್ಟರ್‌ಗೆ ಕಾಯುತ್ತಾ ಮೆಷಿನ್‌ಗಳು ಸುಮ್ನೆ ನಿಂತಿರುತ್ತಿದ್ದ ಹೊತ್ತು ಅದರಲ್ಲಿತ್ತು. ಹೊಸ ಸೆಟ್ಟರ್‌ಗಳು ತುಂಬುವುದು ಆ ಜಾಗವನ್ನು. ಆದರೂ ಬಾಯಿ ಮಾತಿಗೆ ಬೆಲೆ ಇಲ್ಲ ಅಂತ ನಾವೇ ಕೂತು ಎರಡು ಸಾಲು ಬರೆಸಿದೆವು. ಒಂದು, ತರಬೇತಿಯ ಕಾರಣಕ್ಕೆ ಈಗಿರುವ ಸೆಟ್ಟರ್‌ಗಳ ಓಟಿ ಒಂದು ವರ್ಷ ಕಡಿತ ಮಾಡುವಂತಿಲ್ಲ. ಎರಡು, ಕಲಿಸುವ ಸೆಟ್ಟರ್‌ಗೆ ತಿಂಗಳಿಗೆ ಇಂತಿಷ್ಟು ಭತ್ಯೆ. ಸಹಿ ಬಿದ್ದ ಕಾಗದವನ್ನು ಅವರು ಎರಡು ಸಲ ಓದಿದರು. ಆಮೇಲೆ, "ಸರಿ, ಸೋಮವಾರದಿಂದ ಶುರು ಮಾಡೋಣ. ಆದ್ರೆ ನನ್ನ ಕೈಕೆಳಗೆ ಕಲಿಯೋದಾದ್ರೆ ಸರಿಯಾಗಿ ಕಲೀಬೇಕು" ಅಂದರು.

ಭಾರದ ಮಾತೂ ಬಂತು. ಜಾ ಎತ್ತೋಕಾಗಲ್ಲ, ಫಿಕ್ಸ್ಚರ್ (ಪೀಸ್ ಕೂರಿಸುವ ಹಿಡಿಕೆ) ಎತ್ತೋಕಾಗಲ್ಲ ಅಂತ. ಜಾ ಒಂದೊಂದೇ ತೆಗೆದು ಹಾಕುವಂಥದ್ದು, ಅದರ ಎರಡರಷ್ಟು ಭಾರದ ಕುಕ್ಕರ್ ನಾವು ದಿನಾ ಎತ್ತುತ್ತೇವೆ. ದೊಡ್ಡ ಫಿಕ್ಸ್ಚರ್ ನಿಜವಾಗಿಯೂ ಭಾರ. ಆದರೆ ಅದನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡವರು ಗಂಡಸರಲ್ಲೇ ನಾಲ್ಕೈದು ಜನ ಇದ್ದರು. ಗುಂಪಿನಲ್ಲಿದ್ದ ಮೇಂಟೆನೆನ್ಸ್ ಅಣ್ಣ ಭಾರ ಎತ್ತುವ ಒಂದು ಸಣ್ಣ ಹೋಯಿಸ್ಟ್ ಮತ್ತು ಟ್ರಾಲಿಗೆ ಪಟ್ಟಿ ಕೊಟ್ಟರು. ಬಂತು. ಈಗ ಅದನ್ನು ಎಲ್ಲರೂ ಬಳಸುತ್ತಾರೆ. ಹೆಂಗಸರಿಗೆ ಅಂತ ಕೇಳಿದ್ದು ಎಲ್ಲರ ಸೊಂಟ ಉಳಿಸಿತು.

ನೋಟಿಸ್ ಬೋರ್ಡ್‌ನಲ್ಲಿ ಕನ್ನಡದಲ್ಲಿ ಅಂಟಿಸಿದರು: ಸೆಟ್ಟರ್ ಆಗಲು ಏನೇನು ಬರಬೇಕು, ಯಾರು ಅರ್ಜಿ ಹಾಕಬಹುದು, ಪರೀಕ್ಷೆ ಯಾರು ಮಾಡುತ್ತಾರೆ. ಫಸ್ಟ್ ಶಿಫ್ಟ್‌ನಲ್ಲಿ ದಿನಕ್ಕೆ ಎರಡು ಗಂಟೆ ಒಂದು ಮೆಷಿನ್ ತರಬೇತಿಗೇ ಮೀಸಲು. ಹೆಂಗಸರೂ ಅರ್ಜಿ ಹಾಕಿದರು, ಹುಷಾರಿಲ್ಲದ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಆ ಆಪರೇಟರ್ ಕೂಡ ಹಾಕಿದ. ನಾನೂ ಹಾಕಿದೆ.

ಮೊದಲ ಸಲ ಒಬ್ಬಳೇ ಸೆಟ್ ಮಾಡಿದ ದಿನ ನನಗೆ ಪ್ರತಿ ಹೆಜ್ಜೆಯೂ ನೆನಪಿದೆ. ಸಾಫ್ಟ್ ಜಾ ಅಳತೆಗೆ ಬೋರ್ ಮಾಡಿ, ಬಿಲೆಟ್ (ಕಚ್ಚಾ ಲೋಹದ ತುಂಡು) ಹಿಡಿಸಿ, ಟೂಲ್‌ನಿಂದ ಅದರ ಫೇಸ್ ಟಚ್ ಮಾಡಿ, ಉದ್ದದ ಅಳತೆ ಶುರುವಾಗುವ ಝಡ್ ಸೊನ್ನೆ ತೆಗೆದುಕೊಂಡೆ. ಒಂದೊಂದೇ ಟೂಲ್‌ನ ಆಫ್‌ಸೆಟ್ ತುಂಬಿದೆ. ಪ್ರೋಗ್ರಾಂ ಒಂದೊಂದೇ ಸಾಲು ಓಡಲಿ ಅಂತ ಸಿಂಗಲ್ ಬ್ಲಾಕ್ ಆನ್, ಟೂಲ್ ವೇಗವಾಗಿ ಓಡುವ ರ‍್ಯಾಪಿಡ್ 25 ಪರ್ಸೆಂಟ್‌ಗೆ ಇಳಿಸಿದೆ. ಹಿರಿಯ ಸೆಟ್ಟರ್ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದರು, ಮಾತಿಲ್ಲ. ಬಲಗೈ ಸೈಕಲ್ ಸ್ಟಾರ್ಟ್ ಮೇಲೆ, ಎಡಗೈ ಬೆರಳು ಟೂಲ್ ನಿಲ್ಲಿಸುವ ಫೀಡ್ ಹೋಲ್ಡ್ ಮೇಲೆ. ಟೂಲ್‌ಗಳಿರುವ ಟರೆಟ್, ತಿರುಗುತ್ತಿರುವ ಚಕ್ ಹತ್ತಿರ ಬರುವಾಗ, ಸ್ಕ್ರೀನ್ ಮೇಲೆ ಇನ್ನು ಎಷ್ಟು ದೂರ ಅಂತ ಅಂಕಿ ಇಳಿಯುತ್ತಿರುತ್ತದೆ. ಆ ಅಂಕಿಗೂ ಕಣ್ಣಿಗೆ ಕಾಣುವ ಸಂದಿಗೂ ಹೊಂದಬೇಕು. ಹೊಂದದಿದ್ದರೆ ಫೀಡ್ ಹೋಲ್ಡ್ ಒತ್ತಬೇಕು, ಇಲ್ಲವಾದರೆ ಟೂಲ್ ಹೋಗಿ ಚಕ್‌ಗೆ ಗುದ್ದುತ್ತದೆ. ಹೊಂದಿತು. ಪೀಸ್ ತೆಗೆದು, ಒರೆಸಿ, ನನ್ನದೇ ಹಳೆಯ ಟೇಬಲ್‌ಗೆ ತೆಗೆದುಕೊಂಡು ಹೋದೆ. ಪಕ್ಕದ ಸೀಟಿನ ಗೆಳತಿ ಮೈಕ್ರೋಮೀಟರ್ ತಿರುಗಿಸಿ, "12 ಮೈಕ್ರಾನ್ ಜಾಸ್ತಿ ಕಣೇ" ಅಂದಳು. ಹೋಗಿ ಮೈನಸ್ 0.012 ಒತ್ತಿದೆ. ಎರಡನೇ ಪೀಸ್ ಓಕೆ ಆಯಿತು.

ಆಂತರಿಕ ಸಮಿತಿಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಎಷ್ಟೋ ಕಡೆ ಅದು ಕಾಗದದ ಮೇಲೆ ಮಾತ್ರ ಇರುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧದಷ್ಟು ಸದಸ್ಯರು ಹೆಂಗಸರು, ಹೊರಗಿನವರು ಒಬ್ಬರು. ದೂರು ಕೊಡಲು ಮೂರು ತಿಂಗಳು, ವಿಚಾರಣೆ ಮುಗಿಸಲು 90 ದಿನ. ನಮ್ಮಲ್ಲೂ ಸಮಿತಿ ಇತ್ತು, ಆದರೆ ಸದಸ್ಯರ ಹೆಸರು ಇಂಗ್ಲಿಷಿನಲ್ಲಿ, ಆಫೀಸ್ ಕಾರಿಡಾರ್‌ನಲ್ಲಿ ಅಂಟಿಸಿದ್ದರು. ಶಾಪ್‌ನವರು ಆ ಕಡೆ ಹೋಗುವುದೇ ಇಲ್ಲ. ಈಗ ಕನ್ನಡ, ಹಿಂದಿ, ಒಡಿಯಾದಲ್ಲಿ ಫೋಟೋ, ಫೋನ್ ನಂಬರ್ ಸಮೇತ ಹೆಂಗಸರ ಟಾಯ್ಲೆಟ್ ಒಳಗೆ, ಕ್ಯಾಂಟೀನ್ ಕೈತೊಳೆಯುವ ಜಾಗದಲ್ಲಿ, ಬಸ್ಸಿನಲ್ಲಿ ಇದೆ. ಬರೆಯಲು ಬಾರದವರಿಗೆ ದೂರು ಬರೆದುಕೊಡಲು ಸಹಾಯ ಮಾಡುವುದು ಸಮಿತಿಯ ಕೆಲಸ, ಅದನ್ನೂ ಹಾಕಿಸಿದ್ದೇವೆ. ಬಂದ ದೂರುಗಳ ಬಗ್ಗೆ ನಾನು ಒಂದಕ್ಷರವೂ ಬರೆಯುವುದಿಲ್ಲ. ಕಾಯ್ದೆಯೂ ಬಿಡುವುದಿಲ್ಲ, ನನ್ನ ಮನಸ್ಸೂ ಬಿಡುವುದಿಲ್ಲ.

ಈ ಕಾಯ್ದೆ ಎಲ್ಲಿಂದ ಬಂತು ಅಂತ ವಕೀಲೆ ಸೂಪರ್‌ವೈಸರ್‌ಗಳಿಗೆ ಹೇಳಿದ ದಿನ ನಾನೂ ಇದ್ದೆ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದರು. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. ಅದನ್ನು ಮಾಡಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ಬೆನ್ನಲ್ಲೇ ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು, 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ವಿಶಾಖಾ ಮಾರ್ಗಸೂಚಿ ಕೊಟ್ಟಿತು. ಅದೇ ಮುಂದೆ 2013ರ ಕಾಯ್ದೆಗೆ ದಾರಿಯಾಯಿತು. "ಅವರು ಡ್ಯೂಟಿ ಮಾಡ್ತಿದ್ರು. ನಿಮ್ಮ ಲೈನಿನ ಹೆಂಗಸರೂ ಡ್ಯೂಟಿ ಮಾಡ್ತಿದ್ದಾರೆ" ಅಂದರು. ಅದೇ ದಿನ ಶಾಪ್‌ನಲ್ಲಿ ಏಕವಚನ ಬೇಡ ಅಂತ ತೀರ್ಮಾನ ಆಯಿತು. ಹೆಂಗಸರಿಗೂ ಬೇಡ, ಕಾಂಟ್ರ್ಯಾಕ್ಟ್ ಹುಡುಗರಿಗೂ ಬೇಡ. ಅಕ್ಕ, ಅಣ್ಣ, ಇಲ್ಲವೇ ಹೆಸರು ಹಿಡಿದು ಬನ್ನಿ ಹೋಗಿ. ಮೊದಮೊದಲು ಬಾಯಿ ತಪ್ಪುತ್ತಿತ್ತು. ಪಕ್ಕದಲ್ಲಿದ್ದವರೇ ತಿದ್ದುತ್ತಿದ್ದರು.

ಶಿಶುಪಾಲನಾ ಕೇಂದ್ರದ್ದು ಇನ್ನೂ ಅರ್ಧ ದಾರಿಯಲ್ಲಿದೆ. ಹಳೆಯ ಫ್ಯಾಕ್ಟರಿ ಕಾಯ್ದೆ 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಕೇಂದ್ರ ಬೇಕು ಅಂದಿತ್ತು. ಹೆಂಗಸರ ತಲೆ ಎಣಿಸುವ ಇಂಥ ನಿಯಮ, ಹೆಂಗಸರನ್ನು ಕಡಿಮೆ ತೆಗೆದುಕೊಂಡರೆ ಖರ್ಚು ಉಳಿಯಿತು ಅನ್ನುವ ಯೋಚನೆಗೆ ದಾರಿ ಮಾಡುತ್ತದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರ ರಜೆ ಕೊಟ್ಟಿತು, ಜೊತೆಗೆ 50 ಉದ್ಯೋಗಿಗಳಿದ್ದರೆ ಕೇಂದ್ರ ಬೇಕು ಅಂದಿತು. ಅಲ್ಲಿ ಎಣಿಸುವುದು ಎಲ್ಲರನ್ನೂ. ಬೇರೆಯವರ ಜೊತೆ ಸೇರಿ ಒಂದೇ ಕೇಂದ್ರ ನಡೆಸಲೂ ಅವಕಾಶ ಇದೆ. ನಮ್ಮ ರೋಡಿನ ಎರಡು ಮೂರು ಫ್ಯಾಕ್ಟರಿಗಳ ಜೊತೆ ಮಾತುಕತೆ ನಡೆಯುತ್ತಿದೆ. ನಮ್ಮಲ್ಲಿ ಇಬ್ಬರು ಅಪ್ಪಂದಿರು ಈಗಾಗಲೇ ಹೆಸರು ಕೊಟ್ಟಿದ್ದಾರೆ, ನನಗೆ ಅದು ತುಂಬಾ ಖುಷಿ.

2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿ ತಂದಾಗ ಗುಂಪಿಗೆ ಬಂದ ಮೊದಲ ಪ್ರಶ್ನೆ, ಯಾರ ಹತ್ತಿರ ಕೇಳಬೇಕು ಅನ್ನುವುದು. ಗಂಡು ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಲು ಹುಡುಗಿಯರು ಹಿಂಜರಿಯುತ್ತಿದ್ದರು. ರಜೆ ನೇರ ಎಚ್‌ಆರ್‌ಗೆ ಹೋಗುತ್ತದೆ, ಲೈನಿಗೆ ಬರೀ ರಜೆ ಅಂತ ಕಾಣುತ್ತದೆ, ಹಾಗೆ ಮಾಡಿಸಿದೆವು.

ಈಗ ನಮ್ಮ ಮುಂದಿರುವುದು ಸೆಕೆಂಡ್ ಶಿಫ್ಟ್. 1948ರ ಕಾಯ್ದೆ ಹೆಂಗಸರಿಗೆ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಅಂತ ಮಿತಿ ಹಾಕಿತ್ತು. 2019ರಲ್ಲಿ ಕರ್ನಾಟಕ ಸರ್ಕಾರ ಷರತ್ತು ಹಾಕಿ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಮನೆಯಿಂದ ಕರೆದುಕೊಂಡು ಬಂದು ಬಿಡಲು ವಾಹನ ಬೇಕು. ಸೆಟ್ಟರ್ ಆದ ನಮ್ಮಲ್ಲೇ ಇದಕ್ಕೆ ಎರಡು ಅಭಿಪ್ರಾಯ. ಶಿಫ್ಟ್ ಭತ್ಯೆ ಬರುತ್ತೆ, ಮಾಡ್ತೀನಿ ಅನ್ನುವವಳು ಒಬ್ಬಳು. ಚಿಕ್ಕ ಮಗು ಬಿಟ್ಟು ಆಗಲ್ಲ ಅನ್ನುವವಳು ಇನ್ನೊಬ್ಬಳು. ಇಬ್ಬರದೂ ಸರಿ. ಆಗಲ್ಲ ಅಂದವಳ ಗ್ರೇಡ್ ಆ ಕಾರಣಕ್ಕೆ ನಿಲ್ಲಬಾರದು ಅಂತ ಬರೆದುಕೊಡಿ ಅಂತ ಕೇಳಿದ್ದೇವೆ. ಇದಕ್ಕಿಂತ ದೊಡ್ಡದು ಕಾಂಟ್ರ್ಯಾಕ್ಟ್ ಹುಡುಗಿಯರ ವಿಷಯ. ಈಗ ಸೇರುತ್ತಿರುವವರಲ್ಲಿ ಹೆಚ್ಚಿನವರು ಅವರೇ. ಲೈಂಗಿಕ ಕಿರುಕುಳದ ಕಾಯ್ದೆ ಅವರನ್ನೂ ಉದ್ಯೋಗಿ ಅಂತಲೇ ನೋಡುತ್ತದೆ, ಆದರೆ ನಮ್ಮ ಸೆಟ್ಟರ್ ತರಬೇತಿ ಕಂಪನಿ ರೋಲ್‌ನವರಿಗೆ ಮಾತ್ರ. ಅವರಿಂದ ಒಬ್ಬರು ನಮ್ಮ ಗುಂಪಿಗೆ ಬರಬೇಕು, ತರಬೇತಿಯ ಮುಂದಿನ ಬ್ಯಾಚಿನಲ್ಲಿ ಅವರಿಗೂ ಸೀಟು ಬೇಕು ಅಂತ ಕೊಟ್ಟಿದ್ದೇವೆ. ಪ್ಲಾಂಟ್ ಹೆಡ್ ಉತ್ತರ ಬರೆಯಲು ಈ ತಿಂಗಳ ಕೊನೆಯವರೆಗೆ ಟೈಮ್ ಇದೆ. ಆಗಲ್ಲ ಅಂತ ಬರೆದರೆ ಮುಂದಿನ ಮೀಟಿಂಗಿಗೆ ಮೆಷಿನ್ ಲಾಗ್ ತೆಗೆದುಕೊಂಡು ಹೋಗುವುದು ಅಂತ ಹಿರಿಯ ಸೆಟ್ಟರ್ ಈಗಾಗಲೇ ಹೇಳಿದ್ದಾರೆ.